ಗ್ಯಾಲರಿಯ ಸೈಕಲ್ಲಿಗೆ ಖಂಡೇನವಮಿ

ಒಂದೇ ಜಾಗದಲ್ಲಿ ನಿಂತು ತಿರುಗುವ ನನ್ನ ಸೈಕಲ್ಲನ್ನು ನೋಡಿ ನಗದವರೇ ಇರಲಿಲ್ಲ. ಅಣ್ಣ ನಕ್ಕ, ಕೆಳಮನೆಯ ಕಾಕೂ ನಕ್ಕರು, ಹಾಲು ಹಾಕುವವನು ಬಾಗಿಲಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡಿ ನಕ್ಕ. ನಗಲಿ. ಅವರ ಮೊಣಕಾಲು ಮಡಚುತ್ತಿತ್ತು, ನಗುವುದಕ್ಕೆ ಪುರಸತ್ತಿತ್ತು. ನನ್ನದು ಮಡಚುತ್ತಿರಲಿಲ್ಲ. ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು, ಅದಕ್ಕೇ ನಾನು ಆ ಸೈಕಲ್ ಹತ್ತಿದ್ದು. ಆದರೆ ಅದಕ್ಕೂ ಮೊದಲು ಆ ಸೈಕಲ್ಲಿಗೆ ಏನು ಮರ್ಯಾದೆ ಇತ್ತು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ನೀವೂ ಅಣ್ಣನ ಹಾಗೆ ಅದನ್ನು ಭಂಗಾರ್, ಅಂದರೆ ಗುಜರಿ ಸಾಮಾನು, ಅಂದುಬಿಡುತ್ತೀರಿ.

ತೊಂಬತ್ತರ ದಶಕದಲ್ಲಿ ನಾನು ಪುಣೆಯ ಕಾಲೇಜೊಂದರಲ್ಲಿ ಓದುತ್ತಿದ್ದೆ. ಅಪ್ಪನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಮತ್ತು ಬೆಲ್ಲದ ಅಂಗಡಿ. ನಾವು ಜಮಖಂಡಿ ಕಡೆಯವರು. ಅಂಗಡಿಯಿಂದ ಐದು ನಿಮಿಷದ ಹಾದಿಯಲ್ಲಿ, ಗುಲ್ಟೇಕಡಿಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಮನೆ. ನನ್ನ ಗೆಳತಿಯೊಬ್ಬಳ ತಂದೆ ಮಿಲಿಟರಿಯವರು, ದೇಹೂ ರೋಡಿನ ಕ್ವಾರ್ಟರ್ಸ್‌ನಲ್ಲಿದ್ದರು. ಅವರಿಗೆ ವರ್ಗವಾದಾಗ ಮನೆಯ ಸಾಮಾನು ಮಾರಿದರು. ಅದರಲ್ಲಿ ಅವಳ ಅಣ್ಣನ ರೇಸಿಂಗ್ ಸೈಕಲ್ಲೂ ಇತ್ತು. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ಬೆರಳಗಲದ ಟೈರು, ಪಾದವನ್ನು ಪೆಡಲ್ಲಿಗೆ ಕಟ್ಟಿಹಾಕುವ ಚರ್ಮದ ಪಟ್ಟಿ. ನಾನು ಅಪ್ಪನ ಬೆನ್ನು ಬಿದ್ದು ಅದನ್ನು ಕೊಳ್ಳಿಸಿದೆ, ದೇಹೂ ರೋಡಿನಿಂದ ಮನೆತನಕ ತುಳಿದುಕೊಂಡೇ ಬಂದೆ.

ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಇದಕ್ಕ ಕ್ಯಾರಿಯರ್ ಎಲ್ಲದ? ಬುಟ್ಟಿ ಎಲ್ಲದ? ಒಂದು ಕಿಲೋ ಬದನಿಕಾಯಿ ತರಾಕ ಬರೂದಿಲ್ಲ, ಇದು ಎಂಥಾ ಸೈಕಲ್?”

“ಬದನಿಕಾಯಿ ತರಾಕ ಅಲ್ಲವ್ವಾ, ಘಾಟ್ ಹತ್ತಾಕ.”

“ಘಾಟಿನ ಮ್ಯಾಲ ನಿಂದೇನದ?”

ಏನಿದೆ ಎಂದು ನನಗೂ ಗೊತ್ತಿರಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಕಾತ್ರಜ್ ಘಾಟ್ ಹತ್ತುತ್ತಿದ್ದೆ. ಲಾರಿ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ಏನೇನೋ ಕೂಗುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ಮೇಲೆ ಸುರಂಗದ ಬಾಯಿ ಮುಟ್ಟಿ ಒಂದು ಚಹಾ ಕುಡಿದು, ಗಾಳಿಗೆ ಕಣ್ಣಲ್ಲಿ ನೀರು ಬರುವ ಹಾಗೆ ಇಳಿದು ಬರುತ್ತಿದ್ದೆ. ಕಾಲೇಜಿನ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಸೈಕಲ್ ಬಿಟ್ಟು ಮುಖಕ್ಕೆ ಸ್ಕಾರ್ಫ್ ಸುತ್ತಿ ಸ್ಕೂಟರ್ ಹತ್ತಿದರು. ನಾನು ಹತ್ತಲಿಲ್ಲ. ಅಪ್ಪ ತೀರಿಕೊಂಡರು, ಅಂಗಡಿ ಅಣ್ಣನ ಕೈಗೆ ಬಂತು. ನನಗೆ ಮಗರಪಟ್ಟಾದ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಅಲ್ಲಿಗೂ ಸೈಕಲ್ಲೇ. ಮೊದಲ ದಿನ ಗೇಟಿನ ವಾಚ್‌ಮನ್ ನನ್ನನ್ನು ಪೇಪರ್ ಹಾಕುವವಳು ಅಂದುಕೊಂಡು ಹಿಂದಿನ ಬಾಗಿಲು ತೋರಿಸಿದ. ನಾನು ಮುಂದಿನ ಬಾಗಿಲಿಂದಲೇ ಹೋದೆ.

ಆ ರಸ್ತೆಯಲ್ಲೇ ಒಂದು ಮಳೆಗಾಲದ ಬೆಳಿಗ್ಗೆ, ಹಡಪಸರದ ಹತ್ತಿರ, ಉಲ್ಟಾ ದಿಕ್ಕಿನಿಂದ ಬಂದ ಟೆಂಪೊ ನನಗೆ ಗುದ್ದಿತು. ಡ್ರೈವರ್ ಇಳಿದು ಬಂದು ನನಗೇ ಬೈದ. ನಾನೂ ರಸ್ತೆಯ ಮೇಲೆ ಬಿದ್ದಲ್ಲಿಂದಲೇ ಬೈದೆ, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ. ಬಲಗಾಲಿನ ಮೊಣಕಾಲ ಚಿಪ್ಪು ಒಡೆದಿತ್ತು. ಸೈಕಲ್ಲಿನ ಮುಂದಿನ ಗಾಲಿ ಹಪ್ಪಳದ ಹಾಗೆ ಸುರುಟಿತ್ತು, ಅದನ್ನು ಬಿಚ್ಚಿ ಎಸೆದು ಉಳಿದದ್ದನ್ನು ಅಣ್ಣ ಮನೆಗೆ ತಂದು ಹಾಕಿದ.

ಆಪರೇಶನ್ ಮಾಡಿ, ಚಿಪ್ಪಿಗೆ ತಂತಿ ಬಿಗಿದು, ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ನೋಡಲು ಬಂದವರ ಸಾಲು ಶುರುವಾಯಿತು. ಬಂದವರು ಬಿಸ್ಕೀಟಿನ ಪುಡಿಕೆ ನನ್ನ ಕೈಗೆ ಕೊಟ್ಟು, ಮಾತು ಅವ್ವನ ಜೊತೆ ಆಡುತ್ತಿದ್ದರು. ಹೆಣ್ಣುಮಗಳಿಗೆ ಯಾಕೆ ಬೇಕಿತ್ತು, ಮೂವತ್ತು ಹತ್ತಿರ ಬಂತು, ಇನ್ನು ಕಾಲು ಎಳೆಯುತ್ತ ನಡೆದರೆ ಯಾರು ಮುಂದೆ ಬರುತ್ತಾರೆ. ನನ್ನ ಕಾಲು ಮುರಿದಿತ್ತೇ ಹೊರತು ಕಿವಿ ಕಿವುಡಾಗಿರಲಿಲ್ಲ. ಒಬ್ಬಾಕೆಗೆ ಹೇಳಿಯೂ ಬಿಟ್ಟೆ: “ಬರೂದು ಬ್ಯಾಡ್ರಿ. ನಾನೇನ ಕಾಯಾಕತ್ತಿಲ್ಲ.” ಆಕೆ ಚಹಾ ಕುಡಿಯದೆ ಎದ್ದು ಹೋದಳು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಒನಕೆಯ ಹಾಗೆ ನೆಟ್ಟಗಿತ್ತು. ವ್ಯಾಯಾಮ ಮಾಡಿದೆ, ಬಿಸಿನೀರಿನ ಶಾಖ ಕೊಟ್ಟೆ, ಸ್ವಲ್ಪ ಮಡಚಿತು, ಅಲ್ಲಿಗೆ ನಿಂತಿತು. ಡಾಕ್ಟರು ಮುಖ ಸಣ್ಣ ಮಾಡಿದರು. ಒಳಗೆ ಅಂಟಿಕೊಂಡುಬಿಟ್ಟಿದೆ, ದಸರಾ ಮುಗಿಯುವ ತನಕ ನೋಡೋಣ, ಅಷ್ಟರಲ್ಲಿ ಸೈಕಲ್ಲಿನ ಪೆಡಲ್ ಒಂದು ಪೂರ್ತಿ ಸುತ್ತು ತುಳಿಯುವಷ್ಟು ಮಡಚಿದರೆ ಸರಿ ಅಂದರು. ಮಡಚದಿದ್ದರೆ ಅರಿವಳಿಕೆ ಕೊಟ್ಟು, ಮಲಗಿಸಿ, ತಾವೇ ಒತ್ತಿ ಬಗ್ಗಿಸುತ್ತಾರಂತೆ. ಹಾಗೆ ಮಾಡುವಾಗ ಕೂಡಿದ ಚಿಪ್ಪು ಮತ್ತೆ ಒಡೆಯುವುದೂ ಉಂಟು, ಒಡೆದರೆ ಮತ್ತೆ ಮೊದಲಿನಿಂದ.

ಅವ್ವನಿಗೆ ಈ ಮಾತು ಹಿಡಿಸಿತು. “ಛಲೋ ಆತು. ನಿದ್ದಿ ಔಷಧ ಕೊಡ್ತಾರ, ನಿನಗ ಗೊತ್ತೂ ಆಗೂದಿಲ್ಲ,” ಅಂದಳು. ನನಗೆ ಹೆದರಿಕೆಯಾದದ್ದೇ ಅದಕ್ಕೆ. ನನಗೆ ಗೊತ್ತಾಗದ ಹಾಗೆ ನನ್ನ ಕಾಲನ್ನು ಇನ್ನೊಬ್ಬರು ಹಿಡಿದು ಬಗ್ಗಿಸುವುದು, ಎದ್ದಾಗ ಅದು ಸರಿಯಾಗಿದೆಯೋ ಮುರಿದಿದೆಯೋ ಅವರು ಹೇಳಿದ ಮೇಲೆ ತಿಳಿಯುವುದು. ಆಗುವುದಿಲ್ಲ ಅಂದೆ. ನೋವಾದರೆ ನನ್ನ ಕೈಯಲ್ಲೇ ಆಗಲಿ.

ವ್ಯಾಯಾಮದ ಸೈಕಲ್ ಆಸ್ಪತ್ರೆಯಲ್ಲಿತ್ತು. ಅಲ್ಲಿಗೆ ಹೋಗಬೇಕೆಂದರೆ ದಿನಾ ಎರಡು ಮಹಡಿ ಕೂತು ಕೂತು ಇಳಿಯಬೇಕು, ರಿಕ್ಷಾದಲ್ಲಿ ಕಾಲು ಚಾಚಿಕೊಂಡು ಕೂರಬೇಕು. ಅಣ್ಣ ಹೊಸದೊಂದು ಮನೆಗೇ ತರಿಸುತ್ತೇನೆ ಅಂದ, ಅದರ ಜೊತೆಗೇ ಇನ್ನೊಂದು ಮಾತೂ ಅಂದ.

“ಆ ಹಳೇದನ್ನ ನಾಳೆ ಭಂಗಾರಿನವಗ ಕೊಟ್ಟಬಿಡ್ತೀನಿ ತಂಗಿ. ಗ್ಯಾಲರ್‍ಯಾಗ ಜಾಗಾ ಆಗ್ತದ.”

“ಮುಟ್ಟಿ ನೋಡು.”

“ಮುಂದಿನ ಗಾಲಿನ ಇಲ್ಲ ಅದಕ್ಕ. ಅದನ್ನ ಇಟ್ಕೊಂಡು ಏನ ಮಾಡ್ತಿ?”

“ತುಳಿತೀನಿ.”

ಸಿಟ್ಟಿಗೆ ಅಂದ ಮಾತು. ಒಂದು ಗಾಲಿಯ ಸೈಕಲ್ಲನ್ನು ಹೇಗೆ ತುಳಿಯುವುದು ಎಂದು ಆ ಕ್ಷಣಕ್ಕೆ ನನಗೆ ಏನೇನೂ ಗೊತ್ತಿರಲಿಲ್ಲ. ಆದರೆ ಆಡಿದ ಮೇಲೆ ಆಯಿತಲ್ಲ.

ದಾರಿ ತೋರಿಸಿದ್ದು ಗ್ಯಾಲರಿಯೇ. ಪುಣೆಯಲ್ಲಿ ಬಾಲ್ಕನಿಗೆ ಗ್ಯಾಲರಿ ಅನ್ನುತ್ತಾರೆ, ಆ ತಿಂಗಳುಗಳಲ್ಲಿ ನನ್ನ ಜಗತ್ತು ಅಷ್ಟೇ. ಕೆಳಗೆ ಚಾಕು ಕತ್ತರಿಗೆ ಸಾಣೆ ಹಿಡಿಯುವವನು ಬಂದಿದ್ದ. ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದ. ಹಿಂದಿನ ಗಾಲಿ ನೆಲಕ್ಕೆ ತಾಗದೆ ತಿರುಗಿತು, ಅದಕ್ಕೆ ಹಾಕಿದ ಪಟ್ಟಿ ಮೇಲಿನ ಸಾಣೆಕಲ್ಲನ್ನು ತಿರುಗಿಸಿತು. ಸೈಕಲ್ಲು ಮಾತ್ರ ಇದ್ದಲ್ಲೇ ಇತ್ತು. ನಾನು ಚಿಕ್ಕಂದಿನಿಂದ ನೋಡಿದ ದೃಶ್ಯ. ಅವತ್ತು ನೋಡಿದ್ದು ಮಾತ್ರ ಅವನ ಮೊಣಕಾಲನ್ನು. ಮುಂದಿನ ಗಾಲಿ ಅವನಿಗೂ ಏನೂ ಕೆಲಸಕ್ಕೆ ಬರುತ್ತಿರಲಿಲ್ಲ.

ನಮ್ಮ ಓಣಿಯ ಗ್ರಿಲ್ ಅಂಗಡಿಯಲ್ಲಿ ಯಾದಗಿರಿ ಕಡೆಯ ವೆಲ್ಡರ್ ಒಬ್ಬನಿದ್ದ. ಅವನನ್ನು ಮೇಲೆ ಕರೆಸಿದೆ. ಹಿಂದಿನ ಗಾಲಿಯ ಅಚ್ಚನ್ನು ಎರಡೂ ಕಡೆ ಹಿಡಿದು ನಿಲ್ಲುವ ಕಬ್ಬಿಣದ ಚೌಕಟ್ಟು, ಟೈರಿಗೆ ಒತ್ತಿಕೊಂಡು ತಿರುಗುವ ಹಾಗೆ ಬೇರಿಂಗ್ ಹಾಕಿದ ಪೈಪಿನ ಒಂದು ತುಂಡು, ಗಾಲಿಯಿಲ್ಲದ ಮುಂಭಾಗ ಊರುವುದಕ್ಕೆ ಬೆಲ್ಲದ ಕಟ್ಟಿಗೆಯ ಪೆಟ್ಟಿಗೆ. ಪೈಪನ್ನು ಟೈರಿಗೆ ಎಷ್ಟು ಬಿಗಿದರೆ ಅಷ್ಟು ತುಳಿಯಲು ಭಾರ. ಪೇಪರಿನ ಮೇಲೆ ಗೀಚಿ ತೋರಿಸಿದೆ. ಅವನು ಅದನ್ನು ತಿರುವಿ ತಿರುವಿ ನೋಡಿದ.

“ಇದು ಎಲ್ಲಿಗೂ ಹೋಗೂದಿಲ್ಲಲ್ರಿ ಅಕ್ಕಾರ?”

“ನಾನೂ ಎಲ್ಲಿಗೂ ಹೋಗೂದಿಲ್ಲಪ್ಪಾ. ಮಾಡು.”

ಮಾಡಿದ. ಹತ್ತಿ ಕೂತು ಒಂದು ತುಳಿತ ತುಳಿದರೆ ಇಡೀ ಚೌಕಟ್ಟು ಮಗ್ಗುಲಿಗೆ ವಾಲಿತು. ಅದನ್ನು ಕಚ್ಚಿ ಹಿಡಿಯಲು ಭಾರ ಬೇಕಿತ್ತು. ಅಂಗಡಿಗೆ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅಪ್ಪನ ಕಾಲದ ಕಬ್ಬಿಣದ ತೂಕದ ಕಲ್ಲುಗಳು ಮನೆಯ ಮಂಚದ ಕೆಳಗೆ ಬಿದ್ದಿದ್ದವು. ನಾನು ಅವನ್ನು ಎಳೆಸಿ ಚೌಕಟ್ಟಿನ ನಾಲ್ಕೂ ಮೂಲೆಗೆ ಹೇರಿಸಿದೆ. ಸೈಕಲ್ ಗೋಡೆಯ ಹಾಗೆ ನಿಂತಿತು.

ಅವ್ವ ಉರಿದು ಬಿದ್ದಳು. “ಅವು ನಿಮ್ಮಪ್ಪ ಹಿಡಿದ ಕಲ್ಲು. ಲಕ್ಷ್ಮಿ ಅವು. ಅದರ ಮ್ಯಾಲ ಕಾಲ ಆಡಿಸ್ತೀಯೇನು?”

“ಕಾಲ ಮ್ಯಾಲ ಅದ, ಕಲ್ಲು ಕೆಳಗ ಅವ. ತಾಗೂದಿಲ್ಲ.”

“ತಾಗೂ ಮಾತಲ್ಲ.”

“ಅಪ್ಪ ಇದ್ದಿದ್ರ ತಾವ ಹೊತ್ಕೊಂಡು ಬಂದು ಇಡ್ತಿದ್ರು.”

ಸೈಕಲ್ ಕೊಡಿಸಿದ್ದೇ ಅಪ್ಪ. ಅವ್ವ ಸೆರಗು ಝಾಡಿಸಿಕೊಂಡು ಒಳಗೆ ಹೋದಳು.

ಶುರುವಾಯಿತು. ದಿನಾ ಬೆಳಿಗ್ಗೆ ಸ್ಟೂಲಿನ ಮೇಲಿಂದ ಗ್ರಿಲ್ ಹಿಡಿದು ಸೀಟಿಗೆ ಜರುಗುವುದು, ಕೆಟ್ಟ ಕಾಲನ್ನು ಕೈಯಲ್ಲಿ ಎತ್ತಿ ಪೆಡಲ್ಲಿಗೆ ಇಡುವುದು, ಜಾರದ ಹಾಗೆ ಪಟ್ಟಿ ಬಿಗಿಯುವುದು. ಆಮೇಲೆ ಎಡಗಾಲು ಒತ್ತುತ್ತ ಹೋದ ಹಾಗೆ ಬಲಗಾಲು ಹಿಂದಿನಿಂದ ಮೇಲೆ ಬರುತ್ತಿತ್ತು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಆರರಿಂದ ಹೊರಟು ಒಂಬತ್ತು ದಾಟುತ್ತಿತ್ತು, ಹತ್ತಕ್ಕೆ ಬಂದು ನಿಂತುಬಿಡುತ್ತಿತ್ತು. ಒಳಗೆ ಯಾರೋ ಅಗುಳಿ ಹಾಕಿಕೊಂಡು ಕೂತ ಹಾಗೆ. ಹಲ್ಲು ಕಚ್ಚಿ ಒತ್ತಿದರೆ ಹಣೆಯಲ್ಲಿ ಬೆವರು ಬರುತ್ತಿತ್ತೇ ಹೊರತು ಕಾಲು ಮುಂದೆ ಹೋಗುತ್ತಿರಲಿಲ್ಲ. ಹಿಂದಕ್ಕೆ ಬಿಟ್ಟು ಮತ್ತೆ ಮುಂದಕ್ಕೆ ತರುತ್ತಿದ್ದೆ. ಹನ್ನೆರಡು ದಾಟಿದರೆ ನಾನು ಗೆದ್ದೆ. ಆ ಎರಡು ಗಂಟೆಯ ಅಂತರ ನನಗೆ ಕಾತ್ರಜ್ ಘಾಟಿಗಿಂತ ದೊಡ್ಡದಾಯಿತು.

ಪೈಪು ಗರಗರ ಅನ್ನುತ್ತಿತ್ತು. ಕೆಳಮನೆಯ ಕಾಕೂ ಮೆಟ್ಟಿಲಲ್ಲಿ ನಿಂತು ಕೂಗಿದರು: “ಕಾಯ್ ಗ, ಘರಾತ್ ಗಿರಣೀ ಕಾಢಲೀ ಕಾ?” ಮನೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದೀಯಾ ಎಂದು. ನಾನು ಮೇಲಿನಿಂದಲೇ, “ಹೋ ಕಾಕೂ, ದಳಣ್ ಘೇಊನ್ ಯಾ,” ಅಂದೆ. ಬೀಸಲಿಕ್ಕೆ ಜೋಳ ತಗೊಂಡು ಬನ್ನಿ. ಅಣ್ಣ ಊಟಕ್ಕೆ ಬಂದಾಗಲೆಲ್ಲ ಅಡುಗೆಮನೆಯ ಚಾಕು ತಂದು ನನ್ನ ಮುಂದೆ ಹಿಡಿದು, “ಸ್ವಲ್ಪ ಧಾರ ಹಾಕಿ ಕೊಡ್ರಿ ಬಾಯಾರ,” ಅನ್ನುತ್ತಿದ್ದ. ಅವನ ಚೇಷ್ಟೆ ನನಗೆ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಅವ್ವನ ಕಣ್ಣೀರು. ನಾನು ನರಳಿದರೆ ಅವಳು ಅಡುಗೆಮನೆಯಲ್ಲಿ ಅಳುತ್ತಿದ್ದಳು. ಹೊರಗೆ ಬಂದು ಅದೇ ರಾಗ: “ಇಷ್ಟು ತ್ರಾಸ ಯಾಕ ತಗೊತಿ, ಡಾಕ್ಟರ್ ಮಾಡ್ತೀನಿ ಅಂದಾರಲ್ಲ.” ಅವಳಿಗಾಗಿ ನರಳುವುದನ್ನು ನಿಲ್ಲಿಸಿದೆ. ತುಳಿಯುವುದನ್ನು ನಿಲ್ಲಿಸಲಿಲ್ಲ.

ನವರಾತ್ರಿ ಬಂತು. ಕಾಲು ಹತ್ತರಿಂದ ಹತ್ತೂವರೆಗೆ ಬಂದಿತ್ತು ಎಂದು ನಾನು ವಾದಿಸುತ್ತಿದ್ದೆ, ಅವ್ವ ಇಲ್ಲ ಅನ್ನುತ್ತಿದ್ದಳು. ದಸರೆಯ ಮರುದಿನ ಆಸ್ಪತ್ರೆಗೆ ಬರಲು ಹೇಳಿದ್ದರು.

ಖಂಡೇನವಮಿಯ ದಿನ ನಮ್ಮವರು ಕೆಲಸದ ಸಾಮಾನಿಗೆಲ್ಲ ಪೂಜೆ ಮಾಡುತ್ತಾರೆ. ಅಂಗಡಿಯಲ್ಲಿ ತಕ್ಕಡಿ, ಹಮಾಲರ ಕೊಕ್ಕೆ, ಕೈಗಾಡಿ. ಮನೆಯಲ್ಲಿ ಈಳಿಗೆ, ಒನಕೆ, ಹೊಲಿಗೆಯ ಮಶೀನು. ತೊಳೆದು, ಕಬ್ಬಿಣಕ್ಕೆ ತುಕ್ಕು ಹತ್ತದ ಹಾಗೆ ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ ಕೈಮುಗಿಯುವುದು. ಪೂಜೆಯಾದ ಸಾಮಾನನ್ನು ಅವತ್ತು ಮುಟ್ಟುವ ಹಾಗಿಲ್ಲ, ಅದಕ್ಕೆ ವಿಶ್ರಾಂತಿ. ನನ್ನ ಸೈಕಲ್ಲಿಗೆ ಅವ್ವ ಒಂದು ವರ್ಷವೂ ಪೂಜೆ ಮಾಡಿದವಳಲ್ಲ. ಅದು ಆಟದ ಸಾಮಾನು, ಕೆಲಸದ್ದಲ್ಲ ಅನ್ನುತ್ತಿದ್ದಳು. ನಾನು ಪ್ರತಿ ವರ್ಷ ಜಗಳವಾಡುತ್ತಿದ್ದೆ.

ಆ ವರ್ಷ ಸ್ನಾನ ಮಾಡಿ ಗ್ಯಾಲರಿಗೆ ಬಂದು ನೋಡಿದರೆ ತೂಕದ ಕಲ್ಲುಗಳು ಮಿರಿಮಿರಿ ಮಿಂಚುತ್ತಿದ್ದವು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸೈಕಲ್ಲಿನ ಹ್ಯಾಂಡಲ್ಲಿಗೂ ಹೂವಿನ ಹಾರ, ಸೀಟಿನ ಮೇಲೆ ಕುಂಕುಮ, ಇಡೀ ಸೈಕಲ್ಲಿಗೆ ಕುಸುಬಿ ಎಣ್ಣೆಯ ವಾಸನೆ.

“ಇದೇನವ್ವಾ?”

“ಪೂಜಿ. ಕಲ್ಲು ಇಲ್ಲೇ ಅವ. ಕಲ್ಲಿಗೆ ಮಾಡಿ ಸೈಕಲ್ಲಿಗೆ ಬಿಟ್ರ ಛಂದ ಕಾಣ್ತದೇನು?” ಅವಳು ನನ್ನ ಮುಖ ನೋಡದೆ ಊದುಬತ್ತಿ ಸಿಕ್ಕಿಸುತ್ತಿದ್ದಳು. “ಇವತ್ತ ಮಾತ್ರ ಹತ್ತಂಗಿಲ್ಲ ನೋಡು. ಪೂಜಿ ಆದದ್ದು. ನಿಮ್ಮಪ್ಪ ಈ ದಿನ ತಕ್ಕಡಿ ಮುಟ್ಟತಿದ್ದಿಲ್ಲ.”

ನನಗೆ ಅವಳ ಹಿಕ್ಮತ್ತು ಆಗ ಹೊಳೆಯಿತು. ಇಷ್ಟು ವರ್ಷ ಇಲ್ಲದ ಭಕ್ತಿ ಇವತ್ತು ಬಂದದ್ದು ಸೈಕಲ್ಲಿನ ಮೇಲಲ್ಲ. ಅತ್ತು ನೋಡಿದಳು, ಬೈದು ನೋಡಿದಳು, ಮಾತು ಬಿಟ್ಟು ನೋಡಿದಳು. ನಾನು ಬಗ್ಗಲಿಲ್ಲ ಅಂತ ಈಗ ದೇವರನ್ನು ಅಡ್ಡ ತಂದಿದ್ದಾಳೆ. ಇವತ್ತು ಒಂದು ದಿನ, ನಾಳೆ ದಸರೆ ಅಂತ ಇನ್ನೊಂದು ದಿನ, ನಾಡಿದ್ದು ಆಸ್ಪತ್ರೆಯ ಮೇಜು.

“ಇವತ್ತಿನ ದಿನ ನಾನು ಬಿಡೂದಿಲ್ಲ,” ಅಂದೆ.

“ಒಂದಿನದಾಗ ಏನಾಗ್ತದ?”

“ಆಗೂದಿದ್ರ ಒಂದಿನದಾಗನ ಆಗ್ತದ.”

“ನಿನಗ ದೇವರ ದಿಂಡರ ಏನಾದ್ರೂ ಅದನೋ ಇಲ್ಲೋ?”

“ದೇವರಿಗೆ ನನ್ನ ಕಾಲು ನೋಡಾಕ ಹೇಳು.”

ಅವಳು ಕೈಯಲ್ಲಿದ್ದ ಊದುಬತ್ತಿಯ ಕಟ್ಟನ್ನು ಅಲ್ಲೇ ಇಟ್ಟು, ಹೋಳಿಗೆಯ ಹೂರಣ ತಿರುವಲು ಹೋದಳು. ಪಾತ್ರೆಗಳ ಸದ್ದು ಬೇಕಿದ್ದಕ್ಕಿಂತ ಜೋರಾಗಿ ಕೇಳುತ್ತಿತ್ತು. ನಾನು ಸ್ಟೂಲ್ ಎಳೆದೆ. ಕುಂಕುಮದ ಮೇಲೆ ಕೂರಲು ಮನಸ್ಸಾಗದೆ ಸೀಟು ಒರೆಸಿದೆ, ಹಾರವನ್ನು ಹಾಗೇ ಬಿಟ್ಟೆ. ಹತ್ತಿ ಕೂತೆ. ಪಟ್ಟಿ ಬಿಗಿದೆ. ಕಾಲು ಎಂದಿನಂತೆ ಹತ್ತಕ್ಕೆ ಬಂದು ನಿಂತಿತು. ಮೈಯಲ್ಲಿದ್ದ ಸಿಟ್ಟನ್ನೆಲ್ಲ ಎಡಗಾಲಿಗೆ ತಂದು ಪೂರ್ತಿ ಭಾರ ಹಾಕಿ ಒತ್ತಿದೆ.

ಅವ್ವ ಕಲ್ಲಿಗೆ ಸವರಿದ ಕೈಯಿಂದಲೇ ಟೈರಿಗೂ ಪೈಪಿಗೂ ಎಣ್ಣೆ ಸವರಿದ್ದಳು. ಅವಳ ಪಾಲಿಗೆ ಪೂಜೆಯ ಸಾಮಾನೆಂದರೆ ಎಣ್ಣೆ ಕುಡಿಯುವ ಸಾಮಾನು, ರಬ್ಬರು ಕಬ್ಬಿಣ ಅನ್ನುವ ಭೇದವಿಲ್ಲ. ನಾನು ನಂಬಿ ಭಾರ ಹಾಕಿದ ಬಿಗಿ ಅಲ್ಲಿ ಇರಲೇ ಇಲ್ಲ. ಟೈರು ಪೈಪಿನ ಮೇಲೆ ಸರ್ರನೆ ಜಾರಿತು, ಎಡ ಪೆಡಲ್ ದಡಕ್ಕನೆ ಕೆಳಗೆ ಹೋಯಿತು. ಪಟ್ಟಿ ಕಟ್ಟಿದ ಬಲಗಾಲು ಹೆದರುವುದಕ್ಕೂ ಹೊತ್ತಿಲ್ಲದೆ ಮೇಲೆ ಹೋಗಿ ಹನ್ನೆರಡು ದಾಟಿ ಆಚೆ ಬಿತ್ತು. ಮೊಣಕಾಲೊಳಗೆ ಹಳೆಯ ಬಟ್ಟೆ ಹರಿದ ಸದ್ದು. ನಾನು ಕೂಗಿದ್ದು ಕೆಳಗೆ ಕಾಕೂಗೂ ಕೇಳಿಸಿತ್ತಂತೆ.

ಅವ್ವ ಹೂರಣದ ಕೈಯಲ್ಲೇ ಓಡಿ ಬಂದಳು. “ಹೇಳಿದ್ನಿಲ್ಲೋ, ಪೂಜಿ ಆದದ್ದು ಮುಟ್ಟಬ್ಯಾಡ ಅಂತ,” ಎಂದು ಬಾಯಿ ತೆಗೆದವಳು ನನ್ನ ಕಾಲನ್ನು ನೋಡಿ ನಿಂತಳು. ಹಿಂದೆ ಇರಬೇಕಾದ ಕಾಲು ಮುಂದೆ ಇತ್ತು. ನಾನು ಅಳುತ್ತಿದ್ದೆ, ಕಣ್ಣು ಮೂಗು ಎರಡೂ ಸೋರುತ್ತಿದ್ದವು. ಅವಳು ಮೆಲ್ಲಗೆ ನೆಲದ ಮೇಲೆ ಕೂತಳು. “ಇನ್ನೊಮ್ಮೆ ತಿರುಗಿಸಾಕ ಬರ್ತದೇನು?” ಅಂದಳು.

ಬಂತು. ನೋವಿನಲ್ಲಿ, ನಿಧಾನವಾಗಿ, ಆದರೆ ಪೂರ್ತಿ ಸುತ್ತು.

ಡಾಕ್ಟರು ಕಾಲನ್ನು ಮಡಚಿ ನೋಡಿ, ಬಾವು ನೋಡಿ, ಕಥೆ ಕೇಳಿ ಮೊದಲು ಬೈದರು. ಹಾಗೆ ಜಾರಿದಾಗ ಚಿಪ್ಪು ಒಡೆಯುವ ಅಪಾಯವೂ ಅಷ್ಟೇ ಇತ್ತಂತೆ, ಅದೃಷ್ಟ ದೊಡ್ಡದು ಅಂದರು. ಆಮೇಲೆ ಅರಿವಳಿಕೆಯ ಮಾತು ಕೈಬಿಟ್ಟರು. ಹೊರಗೆ ಬಂದ ತಕ್ಷಣ ರಿಕ್ಷಾದಲ್ಲೇ ಜಗಳ ಶುರು. ಅವ್ವ ತಾನು ಪೂಜೆ ಮಾಡಿದ್ದಕ್ಕೇ ಕಾಲು ತಿರುಗಿತು ಅಂದಳು. ನಾನು ಪೂಜೆ ಮುರಿದದ್ದಕ್ಕೆ ತಿರುಗಿತು ಅಂದೆ. ಮಾರ್ಕೆಟ್ ಯಾರ್ಡ್ ಬರುವ ತನಕ ಇಬ್ಬರೂ ಸೋಲಲಿಲ್ಲ.

ಸೈಕಲ್ ಗ್ಯಾಲರಿಯಲ್ಲೇ ಉಳಿಯಿತು. ಚಳಿಗಾಲದ ಹೊತ್ತಿಗೆ ಮೆಟ್ಟಿಲು ಇಳಿದೆ, ಬೇಸಿಗೆಯ ಹೊತ್ತಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತೆ. ಆದರೂ ದಿನಾ ಬೆಳಿಗ್ಗೆ ತುಳಿಯುವುದನ್ನು ಬಿಡಲಿಲ್ಲ. ಕಾಲು ಸರಿಯಾಯಿತಲ್ಲ, ಇನ್ನು ಭಂಗಾರಿಗೆ ಕೊಡಬಹುದಲ್ಲ ಎಂದು ಅಣ್ಣ ಒಂದು ಸಲ ಅಂದ. ಉತ್ತರ ಕೊಡಬೇಕಾದ್ದು ನಾನು, ಕೊಟ್ಟವಳು ಅವ್ವ: “ನಿಮ್ಮಪ್ಪನ ಕಲ್ಲು ಅದರ ಮ್ಯಾಲ ಅವ. ಮುಟ್ಟಿ ನೋಡು.”

ಮುಂದಿನ ಖಂಡೇನವಮಿಗೆ ಅವಳು ಮತ್ತೆ ಕಲ್ಲುಗಳಿಗೆ ಎಣ್ಣೆ ಸವರಿದಳು. ಟೈರನ್ನು ಮಾತ್ರ ಒಣ ಬಟ್ಟೆಯಲ್ಲಿ ಒರೆಸಿದಳು. ಹಾರ ಹಾಕಿದಳು, ಕುಂಕುಮ ಇಟ್ಟಳು, ಕೈಮುಗಿದಳು. ನಾನು ಪೇಪರ್ ಓದುತ್ತ ಕೂತಿದ್ದೆ.

“ಯಾಕ, ಇವತ್ತ ತುಳಿಯೂದಿಲ್ಲೇನು?”

“ಇಲ್ಲ. ಇವತ್ತ ಅದಕ್ಕ ರಜಾ.”

“ಯಾರಂದ್ರು? ಹತ್ತು ಹತ್ತು, ಹೋಳಿಗಿ ಆಮ್ಯಾಲೆ.”

ಹೋದ ವರ್ಷ ಹತ್ತಬೇಡ ಅಂದವಳು ಈ ವರ್ಷ ಹತ್ತು ಅಂದರೆ ಹತ್ತಿಬಿಡಬೇಕೇ? ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಗ್ಗಿ, ಬಲಗಡೆಯ ಪೆಡಲ್ಲನ್ನು ಕೈಯಲ್ಲಿ ಹಿಡಿದು, ಕೆಳಗಿನಿಂದ ಮೇಲಕ್ಕೆ ತಂದು ಪೂರ್ತಿ ಒಂದು ಸುತ್ತು ತಿರುಗಿಸಿ, ಹೋಳಿಗೆ ಬೇಯಿಸಲು ಒಳಗೆ ಹೋದಳು.